ಕಾಮೋಠೆಯ ಪಿನ್ ಕೋಡಿನೊಳಗೆ

ನವಿ ಮುಂಬಯಿಯ ಕಾಮೋಠೆಯಲ್ಲಿ ಮನೆ ಮಾಡಿದವರಿಗೆಲ್ಲ ಆರು ಅಂಕಿಗಳು ಬಾಯಿಪಾಠ: 410209. ಗ್ಯಾಸ್ ಸಂಪರ್ಕದ ಅರ್ಜಿ, ಬ್ಯಾಂಕಿನ ಕೆವೈಸಿ, ಮಕ್ಕಳ ಶಾಲೆಯ ಫಾರ್ಮು, ಊರಿನಿಂದ ಬರುವ ಮದುವೆಯ ಕರೆಯೋಲೆ, ಎಲ್ಲಕ್ಕೂ ಅದು ಬೇಕು. ಈ ಅಧ್ಯಾಯದಲ್ಲಿ ಅದನ್ನು ವಿಳಾಸದ ಸಾಲಿನಿಂದ ಬಿಡಿಸಿ, ಬರೀ ಒಂದು ಪೂರ್ಣಸಂಖ್ಯೆಯಾಗಿ ಮುಂದಿಟ್ಟುಕೊಳ್ಳೋಣ: ನಾಲ್ಕು ಲಕ್ಷದ ಹತ್ತು ಸಾವಿರದ ಇನ್ನೂರ ಒಂಬತ್ತು.

ಈ ಸಂಖ್ಯೆಯನ್ನು ಗಣಿತದ ಚೆಲುವು ನೋಡಿ ಯಾರೂ ಆರಿಸಲಿಲ್ಲ. ಪಿನ್ ಕೋಡ್ ಪದ್ಧತಿ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಅದನ್ನು ರೂಪಿಸಿದವರು ಕೇಂದ್ರ ಸಂಪರ್ಕ ಸಚಿವಾಲಯದ ಹಿರಿಯ ಅಧಿಕಾರಿ, ಸಂಸ್ಕೃತ ಕವಿಯೂ ಆಗಿದ್ದ ಶ್ರೀರಾಮ ಭಿಕಾಜಿ ವೇಲಣಕರ್. ಒಂದೇ ಹೆಸರಿನ ಹಲವು ಊರುಗಳು, ಹತ್ತಾರು ಲಿಪಿಗಳು, ಓದಲು ಬಾರದ ಕೈಬರಹ, ಇವುಗಳ ನಡುವೆ ಕಾಗದ ದಾರಿ ತಪ್ಪಬಾರದು ಎಂಬುದಷ್ಟೇ ಉದ್ದೇಶ. ಮೊದಲ ಅಂಕಿ 4 ಎಂದರೆ ಮಹಾರಾಷ್ಟ್ರ, ಗೋವಾ, ಮಧ್ಯಪ್ರದೇಶ, ಛತ್ತೀಸಗಢಗಳ ವಲಯ. ಕರ್ನಾಟಕದ ಪಿನ್‌ಗಳು 5ರಿಂದ ಶುರುವಾಗುತ್ತವೆ. ಮೊದಲ ಮೂರು ಅಂಕಿ ಕಾಗದ ವಿಂಗಡಿಸುವ ಜಿಲ್ಲೆಯನ್ನು ಹೇಳಿದರೆ, ಉಳಿದ ಮೂರು ಬಟವಾಡೆ ಮಾಡುವ ಅಂಚೆ ಕಚೇರಿಯನ್ನು ಹೇಳುತ್ತವೆ. ನವಿ ಮುಂಬಯಿ ಎರಡು ಜಿಲ್ಲೆಗಳಲ್ಲಿ ಹರಡಿರುವುದರಿಂದ ಠಾಣೆ ಜಿಲ್ಲೆಗೆ ಸೇರಿದ ವಾಶಿ, ನೆರೂಳಗಳಿಗೆ 400ರ ಸರಣಿ ಬಂತು; ರಾಯಗಡ ಜಿಲ್ಲೆಯ ಪನವೇಲ ತಾಲೂಕಿನಲ್ಲಿರುವ ಕಾಮೋಠೆ, ಖಾರಘರ, ಕಳಂಬೋಲಿಗಳಿಗೆ 410. ಹೀಗೆ ಆಡಳಿತದ ಅನುಕೂಲಕ್ಕೆ ದಕ್ಕಿದ ಸಂಖ್ಯೆ ಇದು. ಅದಕ್ಕೇ ಇದರ ಮೇಲೆ ನನಗೆ ಹೆಚ್ಚು ಆಸೆ. ಯಾರೋ ಹುಡುಕಿ ತಂದ ಸುಂದರ ಸಂಖ್ಯೆಯಲ್ಲಿ ಸೌಂದರ್ಯ ಕಂಡರೆ ಅದರಲ್ಲಿ ಹೆಚ್ಚುಗಾರಿಕೆಯಿಲ್ಲ. ಆರಿಸದೆ ಸಿಕ್ಕಿದ ಸಂಖ್ಯೆಯಲ್ಲಿ ಏನಿದೆ ಎಂಬುದು ನಿಜವಾದ ಪರೀಕ್ಷೆ.

ಯಾವ ಸಂಖ್ಯೆಯನ್ನು ಕೈಗೆತ್ತಿಕೊಂಡರೂ ಮೊದಲು ಕೇಳಬೇಕಾದದ್ದು ಇದು ಒಡೆಯುತ್ತದೆಯೇ ಎಂದು. ಅಂದರೆ, 1 ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲಾದರೂ ಶೇಷವಿಲ್ಲದೆ ಭಾಗವಾಗುತ್ತದೆಯೇ? ಕೊನೆಯ ಅಂಕಿ 9, ಆದ್ದರಿಂದ 2 ಮತ್ತು 5 ಹೊರಗೆ. ಅಂಕಿಗಳ ಮೊತ್ತ 4+1+0+2+0+9 = 16, ಆದ್ದರಿಂದ 3 ಹೊರಗೆ. 7ರಿಂದ ಭಾಗಿಸಿದರೆ 2 ಉಳಿಯುತ್ತದೆ, 11ರಿಂದ 8, 13ರಿಂದ 7. 17ರಿಂದ ಭಾಗಿಸಿದಾಗ 16, 19ರಿಂದ ಭಾಗಿಸಿದಾಗ 18. ಎರಡು ಸಲವೂ ಒಂದೇ ಒಂದರಲ್ಲಿ ತಪ್ಪಿತು! ಅಂದಮೇಲೆ ಮುಂದಿನ ಸಂಖ್ಯೆ 410210 ಈ ಎರಡರಿಂದಲೂ ಭಾಗವಾಗಲೇಬೇಕು. ಅದು ಪಕ್ಕದ ಖಾರಘರದ ಪಿನ್. 410210 = 2 × 5 × 17 × 19 × 127. ಖಾರಘರದ ಸಂಖ್ಯೆ ಐದು ಚೂರಾಗಿ ಸುಲಭದಲ್ಲಿ ಬಿಚ್ಚಿಕೊಂಡರೆ, ಕಾಮೋಠೆಯದು ಇನ್ನೂ ಗಟ್ಟಿಯಾಗಿ ನಿಂತಿದೆ.

ಎಲ್ಲಿಯವರೆಗೆ ಪ್ರಯತ್ನಿಸಬೇಕು? 640ರ ವರ್ಗ 409600, 641ರ ವರ್ಗ 410881. ಸಂಖ್ಯೆ ಎರಡು ತುಂಡಾಗುವುದಾದರೆ ಒಂದು ತುಂಡು 640ಕ್ಕಿಂತ ದೊಡ್ಡದಾಗಿರಲು ಸಾಧ್ಯವಿಲ್ಲ. 640ರ ಒಳಗೆ 115 ಅವಿಭಾಜ್ಯ ಸಂಖ್ಯೆಗಳಿವೆ. ಕಾಗದ ಪೆನ್ಸಿಲು ಹಿಡಿದು ಕೂತರೆ ಒಂದು ಮಧ್ಯಾಹ್ನದ ಕೆಲಸ, ಮತ್ತು ಅದನ್ನು ಕೈಯಿಂದಲೇ ಮಾಡುವುದರಲ್ಲಿ ಸುಖವಿದೆ. 23, 29, 31, 37 ಎಂದು ಒಂದೊಂದೇ ಶೇಷ ಬಿಟ್ಟು ಹೋಗುತ್ತವೆ. 293ರ ಹತ್ತಿರ ಆಸೆ ಹುಟ್ಟುತ್ತದೆ, ಏಕೆಂದರೆ 293 × 1400 = 410200; ಆದರೂ 9 ಉಳಿಯುತ್ತದೆ. 307ಕ್ಕೆ ಬರುವಾಗ 63 ಅವಿಭಾಜ್ಯಗಳು ಮುಗಿದಿರುತ್ತವೆ. 64ನೆಯದು 311. ಆಗ ಶೇಷ ಸೊನ್ನೆ:

410209 = 311 × 1319

1319 ಮತ್ತೆ ಒಡೆಯುವುದಿಲ್ಲ. 31ರವರೆಗಿನ ಅವಿಭಾಜ್ಯಗಳಿಂದ ಪರೀಕ್ಷಿಸಿದರೆ ಅದು ಖಚಿತವಾಗುತ್ತದೆ. ಹಾಗಾಗಿ ಕಾಮೋಠೆಯ ಸಂಖ್ಯೆ ಎರಡೇ ಎರಡು ಅವಿಭಾಜ್ಯಗಳ ಗುಣಲಬ್ಧ. ಇದರಾಚೆಗೆ ಅದನ್ನು ಬಿಡಿಸಲು ಬರುವುದಿಲ್ಲ, ಬೇರೆ ರೀತಿಯಲ್ಲಿ ಬಿಡಿಸಲೂ ಬರುವುದಿಲ್ಲ.

ಈ ಎರಡು ತುಂಡುಗಳಿಗೂ ತಮ್ಮ ತಮ್ಮ ಗುಣಗಳಿವೆ. 311ರ ಅಂಕಿಗಳನ್ನು ಹೇಗೆ ಅದಲುಬದಲು ಮಾಡಿದರೂ, ಅಂದರೆ 131 ಆಗಲಿ 113 ಆಗಲಿ, ಅವಿಭಾಜ್ಯವೇ ಸಿಗುತ್ತದೆ. 1319ರಿಂದ ಒಂದು ಕಳೆದು ಅರ್ಧ ಮಾಡಿದರೆ 659, ಅದೂ ಅವಿಭಾಜ್ಯ. ಆದರೆ ಮುಂದೆ ದೊಡ್ಡ ಕೆಲಸಕ್ಕೆ ಬರುವುದು ಇನ್ನೊಂದು ಗುಣ: 311ನ್ನು 4ರಿಂದ ಭಾಗಿಸಿದರೆ ಉಳಿಯುವುದು 3, 1319ನ್ನು ಭಾಗಿಸಿದರೂ 3.

ಇದರ ಮಹತ್ವ ತಿಳಿಯಲು ಫ್ರೆಂಚ್ ಗಣಿತಜ್ಞ ಫರ್ಮಾನ ಬಳಿಗೆ ಹೋಗಬೇಕು. 4ರಿಂದ ಭಾಗಿಸಿದಾಗ 1 ಉಳಿಸುವ ಪ್ರತಿ ಅವಿಭಾಜ್ಯವೂ ಎರಡು ವರ್ಗಗಳ ಮೊತ್ತ ಎಂದು ಆತ 1640ರಲ್ಲಿ ಪತ್ರವೊಂದರಲ್ಲಿ ಬರೆದ. ಸಾಧನೆ ಒದಗಿಸಿದ್ದು ನೂರು ವರ್ಷಗಳಾಚೆ ಗಣಿತಜ್ಞ ಆಯ್ಲರ್. 29 = 25 + 4, 197 = 196 + 1. ಶೇಷ 3 ಬರುವ ಅವಿಭಾಜ್ಯಗಳಿಗೆ ಈ ಭಾಗ್ಯವಿಲ್ಲ. ಈಗ 410209ನ್ನು 4ರಿಂದ ಭಾಗಿಸಿ ನೋಡಿ: ಉಳಿಯುವುದು 1. ಹೊರಗಿನಿಂದ ನೋಡಿದವರಿಗೆ ಇದು ಎರಡು ವರ್ಗಗಳ ಮೊತ್ತವಾಗಲು ಅರ್ಹವೆಂದೇ ತೋರುತ್ತದೆ. ಆದರೆ ಆ 1 ಹುಟ್ಟಿದ್ದು 3 × 3 = 9ರಿಂದ. ಒಳಗಿರುವ ಎರಡೂ ಅವಿಭಾಜ್ಯಗಳು ಅನರ್ಹವಾದದ್ದರಿಂದ 410209 ಎಂದಿಗೂ ಎರಡು ವರ್ಗಗಳ ಮೊತ್ತವಾಗದು. ಒಡೆದು ನೋಡದೆ ಇದನ್ನು ಹೇಳುವುದು ಕಷ್ಟ. ಮೂರು ವರ್ಗ ಕೊಟ್ಟರೆ ಒಪ್ಪುತ್ತದೆ: 636² + 72² + 23² = 404496 + 5184 + 529. ಎರಡು ವರ್ಗಗಳ ವ್ಯತ್ಯಾಸವೂ ಆಗುತ್ತದೆ: 815² − 504². ಈ ಎರಡು ಸಂಖ್ಯೆಗಳು ಬಂದದ್ದು 1319 ಮತ್ತು 311ನ್ನು ಕೂಡಿ ಅರ್ಧ ಮಾಡಿ, ಕಳೆದು ಅರ್ಧ ಮಾಡಿ.

ಇಲ್ಲಿಯವರೆಗಿನ ಪರೀಕ್ಷೆಗಳನ್ನು ಯುರೋಪಿನ ಗಣಿತಜ್ಞರೂ ಮಾಡುತ್ತಿದ್ದರು. ಆದರೆ ಕಾಮೋಠೆ ಇರುವುದು ಠಾಣೆಯ ಆಸುಪಾಸಿನಲ್ಲಿ. ಸಂಖ್ಯೆಗಳನ್ನು ಬೇರೆಯೇ ರೀತಿಯಲ್ಲಿ ಪ್ರಶ್ನಿಸಿದ ಒಬ್ಬ ಶಾಲಾ ಮೇಷ್ಟ್ರು ಬೆಳೆದದ್ದು ಇದೇ ನೆಲದಲ್ಲಿ. ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ ಹುಟ್ಟಿದ್ದು 1905ರ ಜನವರಿ 17ರಂದು, ಡಹಾಣುವಿನಲ್ಲಿ. ಓದಿದ್ದು ಠಾಣೆಯ ಪ್ರೌಢಶಾಲೆಯಲ್ಲಿ, ಆಮೇಲೆ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ. 1930ರಿಂದ 1962ರವರೆಗೆ ನಾಸಿಕದ ಹತ್ತಿರದ ದೇವಳಾಲಿಯಲ್ಲಿ ಪಾಠ ಹೇಳಿದರು. ಸ್ನಾತಕೋತ್ತರ ಪದವಿ ಇರಲಿಲ್ಲ. ಸಂಖ್ಯೆಗಳ ಬಗ್ಗೆ ಅವರು ಬರೆದ ಪುಸ್ತಿಕೆಗಳನ್ನು ಕ್ಷುಲ್ಲಕವೆಂದು ತಳ್ಳಿದ ಗಣಿತಜ್ಞರು ನಮ್ಮಲ್ಲಿ ಬಹಳ ಇದ್ದರು. ಅದು ಅನ್ಯಾಯವಾಗಿತ್ತು ಎಂಬುದನ್ನು 410209ರ ಮೂಲಕವೇ ತೋರಿಸಬಹುದು.

ಕಾಪ್ರೇಕರರ ಪ್ರಶ್ನೆಗಳೆಲ್ಲ ಅಂಕಿಗಳ ಬಗ್ಗೆ. ತನ್ನ ಅಂಕಿಗಳ ಮೊತ್ತದಿಂದ ಶೇಷವಿಲ್ಲದೆ ಭಾಗವಾಗುವ ಸಂಖ್ಯೆಯನ್ನು ಅವರು ಹರ್ಷದ ಸಂಖ್ಯೆ ಎಂದು ಕರೆದರು. ಠಾಣೆಯ ಕಳವಾದ ಪಿನ್ 400605; ಅಂಕಿಗಳ ಮೊತ್ತ 15; 15 × 26707 = 400605. ಕಳವಾ ಹರ್ಷದ. ಕಾಮೋಠೆಯ ಮೊತ್ತ 16, ಸಂಖ್ಯೆ ಬೆಸ, ಹರ್ಷದವಲ್ಲ. ಇನ್ನು ಕಾಪ್ರೇಕರರ ಹೆಸರನ್ನೇ ಹೊತ್ತ ಸಂಖ್ಯೆಗಳಿವೆ: 703ರ ವರ್ಗ 494209, ಅದನ್ನು ಎರಡು ತುಂಡು ಮಾಡಿ ಕೂಡಿದರೆ 494 + 209 = 703. 410209 ಅಂಥದ್ದೋ ಅಲ್ಲವೋ ಎಂದು ತಿಳಿಯಲು ಅದರ ವರ್ಗ ಕಂಡುಹಿಡಿಯಬೇಕಾಗಿಲ್ಲ. 9ರಿಂದ ಭಾಗಿಸಿದಾಗ ಒಂದು ಸಂಖ್ಯೆಯ ಶೇಷವೂ ಅದರ ತುಂಡುಗಳ ಮೊತ್ತದ ಶೇಷವೂ ಒಂದೇ ಆದ್ದರಿಂದ, ಈ ಗುಣವಿರುವ ಸಂಖ್ಯೆ ಮತ್ತು ಅದರ ವರ್ಗ ಒಂದೇ ಶೇಷ ಕೊಡಬೇಕು. ಅದು 0 ಅಥವಾ 1ಕ್ಕೆ ಮಾತ್ರ ಸಾಧ್ಯ. ನಮ್ಮ ಸಂಖ್ಯೆಯ ಶೇಷ 7. ವಿಷಯ ಮುಗಿಯಿತು.

ಕಾಪ್ರೇಕರರನ್ನು ಜಗತ್ತಿಗೆ ಪರಿಚಯಿಸಿದ್ದು 6174. ನಾಲ್ಕು ಅಂಕಿಗಳ ಸಂಖ್ಯೆಯೊಂದರ ಅಂಕಿಗಳನ್ನು ಇಳಿಕೆಯಲ್ಲೂ ಏರಿಕೆಯಲ್ಲೂ ಬರೆದು ಕಳೆಯುತ್ತಾ ಹೋದರೆ ಕೊನೆಗೆ 6174ಕ್ಕೇ ಬಂದು ನಿಲ್ಲುತ್ತೇವೆ, ನಾಲ್ಕೂ ಒಂದೇ ಅಂಕಿ ಆಗಿರಬಾರದು ಅಷ್ಟೇ. ಆರು ಅಂಕಿಗಳಲ್ಲಿ ಕಥೆ ಬೇರೆ. ಅಲ್ಲಿ 549945 ಮತ್ತು 631764 ಎಂಬ ಎರಡು ನಿಲ್ದಾಣಗಳಿವೆ. ಜೊತೆಗೆ ಏಳು ಸಂಖ್ಯೆಗಳ ಒಂದು ವರ್ತುಲವೂ ಇದೆ. ಕಾಮೋಠೆ ಎಲ್ಲಿಗೆ ಹೋಗುತ್ತದೆ? 942100 − 001249 = 940851. ಮುಂದೆ 970821, 974421, 849942, 753543. ಆರನೆಯ ಹೆಜ್ಜೆಗೆ 420876. ಅಲ್ಲಿಂದ 851742, 750843, 840852, 860832, 862632, 642654, ಮತ್ತೆ 420876. ನಿಲ್ದಾಣವಿಲ್ಲ, ವರ್ತುಲದಲ್ಲಿ ತಿರುಗುತ್ತಲೇ ಇರುತ್ತದೆ.

ಇವೆಲ್ಲ ಮೋಜಿನ ಲೆಕ್ಕಗಳು. ಆದರೆ ಕಾಪ್ರೇಕರರ ಇನ್ನೊಂದು ಪ್ರಶ್ನೆಯ ಮುಂದೆ 410209 ನಿಜಕ್ಕೂ ಬೆಳಗುತ್ತದೆ. ಒಂದು ಸಂಖ್ಯೆಗೆ ಅದರ ಅಂಕಿಗಳ ಮೊತ್ತವನ್ನು ಕೂಡಿದರೆ ಇನ್ನೊಂದು ಸಂಖ್ಯೆ ಹುಟ್ಟುತ್ತದೆ: 410209ಕ್ಕೆ 16 ಕೂಡಿದರೆ 410225, ಅದಕ್ಕೆ 14 ಕೂಡಿದರೆ 410239, ಹೀಗೆ. ಖಾರಘರದ 410210ಕ್ಕೆ ಅದರ ಅಂಕಿಗಳ ಮೊತ್ತ 8 ಸೇರಿಸಿ ನೋಡಿ: 410218, ಅದು ಕಳಂಬೋಲಿಯ ಪಿನ್! ಮುಂದಕ್ಕೆ ಹೋಗುವುದು ಸುಲಭ. ಕಾಪ್ರೇಕರ್ ಕೇಳಿದ್ದು ಹಿಂದಕ್ಕೆ: ಈ ಸಂಖ್ಯೆಗೆ ಜನಕ ಯಾವುದು? ಜನಕವೇ ಇಲ್ಲದ ಸಂಖ್ಯೆಗಳೂ ಇವೆ. ಅವನ್ನು ಕನ್ನಡದಲ್ಲಿ ಸ್ವಯಂಭೂ ಸಂಖ್ಯೆಗಳೆನ್ನೋಣ. ಒಂದಕ್ಕಿಂತ ಹೆಚ್ಚು ಜನಕಗಳಿರುವವು ಜಂಕ್ಷನ್ ಸಂಖ್ಯೆಗಳು. ಅವುಗಳಲ್ಲಿ ಎಲ್ಲಕ್ಕಿಂತ ಚಿಕ್ಕದು 101: 91 + 10 ಕೂಡ ಅದೇ, 100 + 1 ಕೂಡ ಅದೇ.

410209ರ ಜನಕವನ್ನು ಹುಡುಕೋಣ. 9ರ ಶೇಷದ ಲೆಕ್ಕ ಇಲ್ಲೂ ನೆರವಿಗೆ ಬರುತ್ತದೆ. ಜನಕದ ಅಂಕಿಗಳ ಮೊತ್ತ 8, 17, 26, 35, 44 ಇವುಗಳಲ್ಲೊಂದಾಗಿರಬೇಕು. 8 ಎಂದಿಟ್ಟುಕೊಂಡರೆ ಜನಕ 410201; ಅದರ ಅಂಕಿಗಳ ಮೊತ್ತ 4+1+0+2+0+1 = 8, ಸರಿಹೊಂದಿತು. 17 ಎಂದಿಟ್ಟುಕೊಂಡರೆ 410192; ಅದರ ಮೊತ್ತ 4+1+0+1+9+2 = 17, ಇದೂ ಸರಿ! ಉಳಿದ ಮೂರು ಹೊಂದುವುದಿಲ್ಲ. ಕಾಮೋಠೆಯದು ಜಂಕ್ಷನ್ ಸಂಖ್ಯೆ. ಕಾರಣವೂ ಸ್ಪಷ್ಟ: 410192ರಿಂದ 410201ಕ್ಕೆ ಬರುವಾಗ ಬೆಲೆ 9 ಏರುತ್ತದೆ, ಆದರೆ ಹತ್ತರ ಸ್ಥಾನದ 9 ಸೊನ್ನೆಯಾಗಿ ನೂರರ ಸ್ಥಾನಕ್ಕೆ ಒಂದು ದಶಕ ಹೋದದ್ದರಿಂದ ಅಂಕಿಗಳ ಮೊತ್ತ ಸರಿಯಾಗಿ 9 ಇಳಿಯುತ್ತದೆ. ಎರಡು ದಾರಿಗಳು ಒಂದೇ ಕಡೆ ಕೂಡುತ್ತವೆ.

ಇನ್ನೂ ಹಿಂದಕ್ಕೆ ಹೋದರೆ? 410192ಕ್ಕೆ ಜನಕ ಹುಡುಕಿದರೆ ಸಿಗುವುದಿಲ್ಲ, ಅದು ಸ್ವಯಂಭೂ. ಇನ್ನೊಂದು ಕವಲಿನಲ್ಲಿ 410201ರ ಜನಕ 410179, ಅದರ ಜನಕ 410159. ಅಲ್ಲಿಗೆ ಆ ಕವಲೂ ನಿಲ್ಲುತ್ತದೆ. 410159 ಕೂಡ ಸ್ವಯಂಭೂ. ಹೀಗೆ ಕಾಮೋಠೆಯ ವಂಶವೃಕ್ಷ ಪೂರ್ತಿ ಸಿಕ್ಕಿತು: ಒಂದು ಕಡೆ ಮೂರು ತಲೆಮಾರು, ಇನ್ನೊಂದು ಕಡೆ ಒಂದೇ, ಎರಡರ ತುದಿಯಲ್ಲೂ ಹುಟ್ಟಿಸಿದವರಿಲ್ಲದ ಸಂಖ್ಯೆಗಳು. ನಾನು ಇದನ್ನು ಮೊದಲು ಲೆಕ್ಕ ಹಾಕಿದಾಗ, ಅಂಚೆ ಇಲಾಖೆಯ ಒಂದು ಸಂಖ್ಯೆಯ ಹಿಂದೆ ಇಷ್ಟು ಅಚ್ಚುಕಟ್ಟಾದ ಚಿತ್ರ ಇರುತ್ತದೆಂದು ನಿರೀಕ್ಷಿಸಿರಲಿಲ್ಲ.

ಕ್ಷುಲ್ಲಕವೆಂದವರಿಗೆ ಉತ್ತರ ಇಲ್ಲಿಯೇ ಇದೆ. ಮೂರು ಜನಕಗಳಿರುವ ಅತಿ ಚಿಕ್ಕ ಸಂಖ್ಯೆ ಯಾವುದು ಎಂದು ಕಾಪ್ರೇಕರ್ ಕೇಳಿ, 10000000000001 ಎಂದು ಉತ್ತರಿಸಿದರು. ಹದಿನಾಲ್ಕು ಅಂಕಿಗಳು, ಕಂಪ್ಯೂಟರ್ ಇಲ್ಲದೆ ಕಂಡುಕೊಂಡದ್ದು. ನಾಲ್ಕು ಜನಕಗಳಿಗೆ ಇಪ್ಪತ್ತೈದು ಅಂಕಿಗಳ ಒಂದು ಸಂಖ್ಯೆಯನ್ನು ಊಹಿಸಿದರು: 1ರ ಮುಂದೆ 24 ಸೊನ್ನೆ, ಅದಕ್ಕೆ 102 ಕೂಡಿದ್ದು. ಐದು ಜನಕಗಳಿಗೆ 1966ರಲ್ಲಿ ನರಸಿಂಗ ರಾವ್ ಎಂಬವರು ಸೂಚಿಸಿದ ಸಂಖ್ಯೆಯಲ್ಲಿ ಒಂದು ಲಕ್ಷ ಹನ್ನೊಂದು ಸಾವಿರ ಕೋಟಿಗೂ ಹೆಚ್ಚು ಅಂಕಿಗಳಿವೆ. ಒಬ್ಬರು ಬದುಕಿಡೀ ಬರೆದರೂ ಮುಗಿಯದು. ಈ ಊಹೆಗಳೆಲ್ಲ ಸರಿಯೆಂದು ಮ್ಯಾಕ್ಸ್ ಅಲೆಕ್ಸೆಯೆವ್ ಮತ್ತು ನೀಲ್ ಸ್ಲೋನ್ ಸಾಧಿಸಿ ತೋರಿಸಿದ್ದು 2021ರಲ್ಲಿ. ದೇವಳಾಲಿಯ ಮೇಷ್ಟ್ರು ತೀರಿಕೊಂಡು ಆಗ 35 ವರ್ಷಗಳಾಗಿದ್ದವು.

ಕಾಪ್ರೇಕರರ ಇನ್ನೊಂದು ಸಂಖ್ಯಾವರ್ಗ ನೇರವಾಗಿ ಈ ಪ್ರದೇಶದ್ದು. ಮುಂಬಯಿಯಿಂದ 30 ಮೈಲಿ ದೂರದಲ್ಲಿ, ಗ್ರೇಟ್ ಇಂಡಿಯನ್ ಪೆನಿನ್ಸುಲಾ (ಜಿಐಪಿ) ರೈಲ್ವೆಯಲ್ಲಿ, ಆಗ ಡೆಮ್ಲೋ ಎನ್ನುತ್ತಿದ್ದ ಒಂದು ಸ್ಟೇಷನ್ನಿತ್ತು, ಇಂದಿನ ಡೊಂಬಿವಲಿ. ಅಲ್ಲಿ ಹೊಳೆದ ಸಂಖ್ಯೆಗಳಿಗೆ ಅವರು ಡೆಮ್ಲೋ ಸಂಖ್ಯೆಗಳೆಂದೇ ಹೆಸರಿಟ್ಟರು. ಇವುಗಳಲ್ಲಿ ಅದ್ಭುತವೆಂದು ಅವರು ಕರೆದದ್ದು ಬರೀ 1ಗಳಿಂದಾದ ಸಂಖ್ಯೆಗಳ ವರ್ಗಗಳನ್ನು: 11ರ ವರ್ಗ 121, 111ರ ವರ್ಗ 12321, ಹೀಗೆ ಆರು ಒಂದುಗಳ ವರ್ಗ 12345654321. ಒಂದರಿಂದ ಆರಕ್ಕೆ ಏರಿ ಆರರಿಂದ ಒಂದಕ್ಕೆ ಇಳಿಯುವ ಈ ಸಂಖ್ಯೆ ಕನ್ನಡ ನಾಡಿಗೆ ಹೊಸದಲ್ಲ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯ ಬರೆದ ‘ಗಣಿತಸಾರಸಂಗ್ರಹ’ದಲ್ಲಿ ಇದು ಗುಣಾಕಾರದ ಉತ್ತರವಾಗಿ ಬರುತ್ತದೆ: 27994681 × 441 = 12345654321. ಅಂಥ ಉತ್ತರಗಳನ್ನು ಆತ ಅರಸನ ಕೊರಳ ಹಾರವೆಂದು ವರ್ಣಿಸಿದ. ಮಳಖೇಡದಿಂದ ಆಳುತ್ತಿದ್ದ ಆ ಅರಸನ ಹೆಸರು ಮುಂಬಯಿಯ ಕಾನ್ಹೇರಿ ಗುಹೆಗಳ ಶಾಸನಗಳಲ್ಲೂ ಇದೆ. ಈ ಕೊಂಕಣ ಆಗ ಅವನ ಸಾಮಂತರಾದ ಶಿಲಾಹಾರರ ಕೈಯಲ್ಲಿತ್ತು. ಒಬ್ಬನೇ ದೊರೆಯ ಆಳ್ವಿಕೆಗೆ ಒಳಪಟ್ಟಿದ್ದ ಎರಡು ಸೀಮೆಗಳಲ್ಲಿ, ಹನ್ನೊಂದು ಶತಮಾನಗಳ ಅಂತರದಲ್ಲಿ, ಇಬ್ಬರ ಕಣ್ಣಿಗೆ ಒಂದೇ ಸಂಖ್ಯೆ ಚೆಲುವಾಗಿ ಕಂಡಿತು ಎಂಬುದು ನನಗೆ ತುಂಬ ಪ್ರಿಯವಾದ ಸಂಗತಿ.

ಆದರೂ ಒಂದು ವಿವೇಚನೆ ಬೇಕು. ಹರ್ಷದ, ಸ್ವಯಂಭೂ, ಜಂಕ್ಷನ್, ವರ್ತುಲ ಎಲ್ಲವೂ ಸಂಖ್ಯೆಯನ್ನು ನಾವು ಹತ್ತರ ಆಧಾರದಲ್ಲಿ ಬರೆಯುತ್ತೇವೆ ಎಂಬುದನ್ನು ನೆಚ್ಚಿಕೊಂಡಿವೆ. ಎಂಟರ ಆಧಾರದಲ್ಲಿ ಬರೆದರೆ ಇದೇ ಸಂಖ್ಯೆ 1441141 ಆಗುತ್ತದೆ. ಆಗ ಮೇಲಿನ ವಂಶವೃಕ್ಷ ಅಳಿಸಿಹೋಗುತ್ತದೆ. ಅಂಕಿಗಳು ಸಂಖ್ಯೆ ತೊಟ್ಟ ಉಡುಪು. 311 ಮತ್ತು 1319 ಅದರ ಮೂಳೆ. ಇಂಗ್ಲಿಷ್ ಗಣಿತಜ್ಞ ಹಾರ್ಡಿ ತನ್ನ ‘ಎ ಮ್ಯಾಥಮೆಟಿಷಿಯನ್ಸ್ ಅಪಾಲಜಿ’ಯಲ್ಲಿ ಅಂಕಿಗಳ ವಿಶೇಷಗಳನ್ನು ಗಣಿತಜ್ಞರ ಗಮನಕ್ಕೆ ತಕ್ಕವಲ್ಲವೆಂದು ಬದಿಗಿಟ್ಟ. ಅವನ ಮಾತಿನಲ್ಲಿ ಅರ್ಧ ಸತ್ಯವಿದೆ. ಆದರೆ ಅಲೆಕ್ಸೆಯೆವ್ ಮತ್ತು ಸ್ಲೋನ್ ತಮ್ಮ ಪ್ರಬಂಧದಲ್ಲಿ ಯಾವ ಆಧಾರಕ್ಕೂ ಅನ್ವಯಿಸುವ ಸೂತ್ರವನ್ನೇ ಕೊಟ್ಟರು. ಉಡುಪು ಬದಲಾದರೂ ಕಾಪ್ರೇಕರರ ಪ್ರಶ್ನೆ ಉಳಿಯಿತು.

ಕಾಪ್ರೇಕರರ ಹೆಸರನ್ನು ಲೋಕಕ್ಕೆ ಹರಡಿದ್ದು ಮಾರ್ಟಿನ್ ಗಾರ್ಡ್ನರ್, ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯ 1975ರ ಮಾರ್ಚ್ ತಿಂಗಳ ಅಂಕಣದಲ್ಲಿ. ಅದೇ ಅಂಕಣದಲ್ಲಿ, 1977ರ ಆಗಸ್ಟ್‌ನಲ್ಲಿ, ಗಾರ್ಡ್ನರ್ ಇನ್ನೊಂದು ಸುದ್ದಿ ಕೊಟ್ಟರು: ರಿವೆಸ್ಟ್, ಶಮೀರ್, ಆಡಲ್ಮನ್ ಎಂಬ ಮೂವರು ಎರಡು ದೊಡ್ಡ ಅವಿಭಾಜ್ಯಗಳ ಗುಣಲಬ್ಧವನ್ನೇ ಗುಟ್ಟಿನ ಸಂದೇಶಗಳಿಗೆ ಬೀಗವಾಗಿ ಮಾಡಿದ್ದಾರೆ. 410209ಕ್ಕಿರುವ ಆಕಾರವೇ ಅದು. ಗುಣಿಸುವುದು ಸುಲಭ, ಒಡೆಯುವುದು ಕಷ್ಟ. ಬೆಂಗಳೂರಿನ ಶಕುಂತಲಾ ದೇವಿ 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಮನಸ್ಸಿನಲ್ಲೇ ಗುಣಿಸಿದರು. ಒಡೆಯುವ ಕೆಲಸಕ್ಕೆ ಇಂಥ ಒಳದಾರಿ ಇನ್ನೂ ಯಾರಿಗೂ ಸಿಕ್ಕಿಲ್ಲ. ಗಾರ್ಡ್ನರ್ ಸವಾಲಾಗಿ ಕೊಟ್ಟ 129 ಅಂಕಿಗಳ ಸಂಖ್ಯೆ ಒಡೆದದ್ದು 1994ರ ಏಪ್ರಿಲ್‌ನಲ್ಲಿ, ಸುಮಾರು 600 ಸ್ವಯಂಸೇವಕರ ಕಂಪ್ಯೂಟರುಗಳು ಕೂಡಿ ದುಡಿದ ಮೇಲೆ. 250 ಅಂಕಿಗಳದ್ದು 2020ರ ಫೆಬ್ರುವರಿಯಲ್ಲಿ. ಇಂದು ಬಳಕೆಯಲ್ಲಿರುವ ಬೀಗಗಳಲ್ಲಿ 617 ಅಂಕಿಗಳಿರುವುದು ಸಾಮಾನ್ಯ. ಒಂದು ಸಂಖ್ಯೆ ಅವಿಭಾಜ್ಯವೇ ಅಲ್ಲವೇ ಎಂದು ತಿಳಿಯುವುದು ಇಷ್ಟು ಕಷ್ಟವಲ್ಲ. ಅದಕ್ಕೆ ವೇಗದ, ಖಚಿತವಾದ ವಿಧಾನವಿದೆ ಎಂದು ಕಾನ್ಪುರ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ 2002ರಲ್ಲಿ ತೋರಿಸಿದರು. ಒಡೆಯುತ್ತದೆ ಎಂದು ತಿಳಿದೂ ತುಂಡುಗಳು ಕೈಗೆ ಸಿಗದಿರುವುದೇ ಈ ಬೀಗದ ಬಲ.

ಕಾಮೋಠೆಯ ಸಂಖ್ಯೆಗೆ ಇನ್ನೂ ಹೆಚ್ಚಿನದೊಂದು ಅರ್ಹತೆಯಿದೆ. ಎರಡೂ ತುಂಡುಗಳು 4ರಿಂದ ಭಾಗಿಸಿದಾಗ 3 ಉಳಿಸುತ್ತವಲ್ಲ, ಅಂಥ ಸಂಖ್ಯೆಗಳಿಗೆ ಬ್ಲಮ್ ಸಂಖ್ಯೆಗಳೆಂದು ಹೆಸರು. ಕಾರಕಾಸ್‌ನಲ್ಲಿ ಹುಟ್ಟಿದ ಮ್ಯಾನ್ಯುಯೆಲ್ ಬ್ಲಮ್ 1981ರಲ್ಲಿ ಒಂದು ವಿಚಿತ್ರ ಪ್ರಶ್ನೆಗೆ ಉತ್ತರ ಕೊಟ್ಟರು: ಪರಸ್ಪರ ನಂಬಿಕೆಯಿಲ್ಲದ ಇಬ್ಬರು ಫೋನಿನಲ್ಲಿ ಮಾತಾಡುತ್ತಲೇ ನಾಣ್ಯ ಚಿಮ್ಮಿ ತೀರ್ಮಾನ ಮಾಡಬಹುದೇ? ಅದನ್ನು 410209ರಿಂದಲೇ ಮಾಡಿ ನೋಡೋಣ. ಸಂಖ್ಯೆ ಚಿಕ್ಕದಾದ್ದರಿಂದ ಭದ್ರತೆ ಇಲ್ಲ, ಆದರೆ ಹೆಜ್ಜೆಗಳು ಅವೇ.

ಕಾಮೋಠೆಯಲ್ಲಿರುವವಳಿಗೆ 311 ಮತ್ತು 1319 ಗೊತ್ತು; ಧಾರವಾಡದಲ್ಲಿರುವವನಿಗೆ 410209 ಮಾತ್ರ ಗೊತ್ತು. ಅವನು ಗುಟ್ಟಾಗಿ ಒಂದು ಸಂಖ್ಯೆ ಆರಿಸುತ್ತಾನೆ, 1000 ಎನ್ನೋಣ. ಅದರ ವರ್ಗ ಹತ್ತು ಲಕ್ಷ. 410209ರಿಂದ ಭಾಗಿಸಿದ ಶೇಷ 179582. ಅದನ್ನು ಅವಳಿಗೆ ಹೇಳುತ್ತಾನೆ. ಈಗ ಅವಳು ವರ್ಗಮೂಲ ಹುಡುಕಬೇಕು. 311ರ ಲೆಕ್ಕದಲ್ಲಿ, ಅಂದರೆ 311ರಿಂದ ಭಾಗಿಸಿದ ಶೇಷಗಳನ್ನಷ್ಟೇ ನೋಡಿದರೆ, ಮೂಲಗಳು ಎರಡು, 67 ಮತ್ತು 244. 1319ರ ಲೆಕ್ಕದಲ್ಲೂ ಎರಡು, 1000 ಮತ್ತು 319. ಶೇಷ 3ರ ಗುಣ ಕೆಲಸ ಮಾಡುವುದು ಇಲ್ಲಿ: 311 + 1ರ ಕಾಲು ಭಾಗ 78, 1319 + 1ರ ಕಾಲು ಭಾಗ 330, ಕೊಟ್ಟ ಸಂಖ್ಯೆಯನ್ನು ಆ ಘಾತಗಳಿಗೆ ಏರಿಸಿ ಶೇಷ ತೆಗೆದರೆ ಮೂಲ ತಾನಾಗಿ ಬರುತ್ತದೆ, ಹುಡುಕಾಟವೇ ಬೇಡ. ಆಮೇಲೆ ಎರಡೂ ಕಡೆಯ ಮೂಲಗಳನ್ನು ಜೋಡಿಸಬೇಕು. 311ರಿಂದ ಭಾಗಿಸಿದಾಗ 67, 1319ರಿಂದ ಭಾಗಿಸಿದಾಗ 319 ಉಳಿಸುವ ಸಂಖ್ಯೆ ಯಾವುದು? ಇದು ಆರ್ಯಭಟ 499ರಲ್ಲಿ ಬರೆದಿಟ್ಟ ಕುಟ್ಟಕ ಎಂಬ ವಿಧಾನದ ಲೆಕ್ಕ. ಮಹಾವೀರಾಚಾರ್ಯನೂ ತನ್ನ ಗ್ರಂಥದಲ್ಲಿ ಇಂಥ ಲೆಕ್ಕಗಳನ್ನು ಬಿಡಿಸುತ್ತಾನೆ. ಉತ್ತರ 307646. ಎರಡನ್ನು ಎರಡರೊಡನೆ ಜೋಡಿಸಿದರೆ ಒಟ್ಟು ನಾಲ್ಕು ಮೂಲಗಳು: 1000, ಅದರ ಪೂರಕ (410209ರಿಂದ ಅದನ್ನು ಕಳೆದರೆ ಬರುವುದು) 409209, 307646, ಅದರ ಪೂರಕ 102563. ನಾಲ್ಕರಲ್ಲಿ ಯಾವುದರ ವರ್ಗ ತೆಗೆದು ಭಾಗಿಸಿದರೂ 179582 ಉಳಿಯುತ್ತದೆ.

ಈಗ ಅವಳು ಊಹಿಸಿ ಒಂದು ಮೂಲವನ್ನು ಹೇಳಬೇಕು: ಅವನು ಆರಿಸಿದ್ದು ಯಾವ ಜೋಡಿಯಿಂದ? ಅವಳಿಗೆ ತಿಳಿಯುವ ದಾರಿಯೇ ಇಲ್ಲ, ಅರ್ಧಕ್ಕರ್ಧ ಸಾಧ್ಯತೆ. 1000 ಎಂದೋ 409209 ಎಂದೋ ಹೇಳಿದರೆ ಅವಳು ಗೆದ್ದಳು. ಆಗ ಅವನಿಗೆ ಹೊಸದೇನೂ ತಿಳಿಯಲಿಲ್ಲ, ಆದ್ದರಿಂದ ಸುಳ್ಳು ಹೇಳಿ ದಕ್ಕಿಸಿಕೊಳ್ಳಲಾರ. 102563 ಎಂದಳೆಂದರೆ ಅವನು ಗೆದ್ದ, ಮತ್ತು ಗೆದ್ದದ್ದಕ್ಕೆ ಸಾಕ್ಷಿ ಕೊಡಬಲ್ಲ. ಅವಳ ಮೂಲದಿಂದ ತನ್ನ ಮೂಲವನ್ನು ಕಳೆದರೆ 101563, ಅದು 77 × 1319. ಕೂಡಿದರೆ 103563, ಅದು 333 × 311. ತನಗೆ ಗೊತ್ತಿರದ ತುಂಡುಗಳನ್ನು ಅವನು ಅವಳ ಮುಂದಿಡುತ್ತಾನೆ. ಎರಡು ಬೇರೆ ಬೇರೆ ಜೋಡಿಯ ಮೂಲಗಳು ಕೈಗೆ ಬಂದರೆ ಸಂಖ್ಯೆ ಒಡೆದಂತೆಯೇ.

ಆ ನಾಲ್ಕು ಮೂಲಗಳಲ್ಲಿ ಒಂದು, ಒಂದು ಮಾತ್ರ, ತಾನೂ ಇನ್ನೊಂದರ ವರ್ಗದ ಶೇಷವಾಗಿರುತ್ತದೆ. ಬ್ಲಮ್ ಸಂಖ್ಯೆಗಳೆಲ್ಲ ಹೀಗೆಯೇ. ನಮ್ಮ ಲೆಕ್ಕದಲ್ಲಿ ಅದು 1000. ಲೆನೋರ್ ಬ್ಲಮ್, ಮ್ಯಾನ್ಯುಯೆಲ್ ಬ್ಲಮ್, ಮೈಕೆಲ್ ಶುಬ್ 1986ರಲ್ಲಿ ಈ ಗುಣದ ಮೇಲೆ ಯಾದೃಚ್ಛಿಕ ಅಂಕಿಗಳನ್ನು ಹುಟ್ಟಿಸುವ ವಿಧಾನವೊಂದನ್ನು ಕಟ್ಟಿದರು. ವರ್ಗ ಮಾಡು, ಭಾಗಿಸು, ಶೇಷ ಸಮವಾದರೆ 0 ಬೆಸವಾದರೆ 1 ಎಂದು ಬರೆದುಕೋ. ಆ ಶೇಷವನ್ನೇ ಮತ್ತೆ ವರ್ಗ ಮಾಡು. ಕಾಮೋಠೆಯ ಸಂಖ್ಯೆಯಲ್ಲಿ 1000ದಿಂದ ಹೊರಟರೆ 179582, 293771, 400394, 345319 ಬರುತ್ತವೆ. ಅಂಕಿಗಳು 0, 1, 0, 1. ಮುಂದಕ್ಕೆ ಹೋಗಲು 410209 ಸಾಕು. ಹಿಂದಕ್ಕೆ ಒಂದು ಹೆಜ್ಜೆ ಇಡಬೇಕಾದರೆ 311 ಮತ್ತು 1319 ಬೇಕು. ಅವು ಕೈಯಲ್ಲಿದ್ದರೆ 1000ದ ಹಿಂದೆ ಇದ್ದದ್ದು 191484.